ಅಳತೆ ಬರೆಯುವ ಕೈ ಯಾರದು?

ಯಂತ್ರಕ್ಕೆ ಜಾತಿ ಇಲ್ಲ ಅಂತ ಹೇಳುವವರು ಈಗ ಜಾಸ್ತಿಯಾಗಿದ್ದಾರೆ. ಎಂಜಿನಿಯರ್ ಸಾಹೇಬರು ಹೇಳ್ತಾರೆ. ಪಂಚಾಯ್ತಿ ಮೆಂಬರುಗಳು ಹೇಳ್ತಾರೆ. ನಮ್ಮ ಹಾಸ್ಟೆಲುಗಳಲ್ಲೇ ಇದ್ದುಕೊಂಡು ಡಿಪ್ಲೊಮಾ ಓದುವ ಕೆಲವು ಗೆಳೆಯರೂ ಹೇಳ್ತಾರೆ. ಅವರು ಕೊಡುವ ಸಾಕ್ಷಿ ದೂರದ್ದಲ್ಲ. ಕಂದಿಕೆರೆ, ಹುಳಿಯಾರು, ಶೆಟ್ಟಿಕೆರೆ ಕಡೆಯ ಹಳ್ಳಿಗಳಿಗೆ ಹೋಗಿ ನೋಡಿ ಅಂತಾರೆ. ಅಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ. ಗೋಡೆಯಲ್ಲೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಸೀಳು. ನಾಣ್ಯ ಹಾಕಿದರೆ ನೀರು ಬೀಳುತ್ತೆ, 20 ಲೀಟರ್ ಆದ ಕೂಡಲೇ ನಿಲ್ಲುತ್ತೆ. ಪಟೇಲರ ಮಗ ಹಾಕಿದರೂ 20, ಕೇರಿಯ ಅವ್ವ ಹಾಕಿದರೂ 20. ಹೆಸರು ಕೇಳೋದಿಲ್ಲ, ಅಪ್ಪನ ಹೆಸರು ಕೇಳೋದಿಲ್ಲ, ದೂರ ನಿಲ್ಲು ಅನ್ನೋದಿಲ್ಲ.

ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಆ ಅರ್ಧವನ್ನು ನಾವು ಸಣ್ಣದು ಅಂತ ತಳ್ಳಿಹಾಕುವುದಿಲ್ಲ. ಸೇದುವ ಬಾವಿಯ ಕಟ್ಟೆಯಿಂದ ಹತ್ತು ಮಾರು ದೂರ ಕೊಡ ಇಟ್ಟುಕೊಂಡು, ಯಾರಾದರೂ ಪುಣ್ಯಾತ್ಮರು ಬಂದು ಮೇಲಿಂದ ಎರೆಯಲಿ ಅಂತ ಹೊತ್ತು ಮುಳುಗುವ ತನಕ ಕೂತಿದ್ದವರು ನಮ್ಮ ಅಜ್ಜಿಯರು. ಅವರ ಮೊಮ್ಮಕ್ಕಳಿಗೆ, ಎರೆಯುವ ಕೈಯೇ ಇಲ್ಲದ ನೀರು ಸಿಕ್ಕಿದರೆ ಅದು ದೊಡ್ಡ ಮಾತೇ. ಆದರೆ ಉಳಿದ ಅರ್ಧ ಸತ್ಯವನ್ನು ಯಾರೂ ಹೇಳೋದಿಲ್ಲ. ಅದನ್ನು ಹೇಳೋದಕ್ಕೇ ನಾವು ಈ ನಾಲ್ಕು ಪುಟ ಬರೆಯುತ್ತಿದ್ದೇವೆ.

ಯಂತ್ರಕ್ಕೆ ಜಾತಿ ಇಲ್ಲ. ಆದರೆ ಯಂತ್ರಕ್ಕೆ ಯಾರೋ ಇಟ್ಟ ಅಳತೆ ಇದೆ. ಯಂತ್ರಕ್ಕೆ ಯಾರೋ ಕೂರಿಸಿದ ಕಣ್ಣು ಇದೆ. ಯಂತ್ರದ ಪೆಟ್ಟಿಗೆಗೆ ಯಾರೋ ಹಾಕಿದ ಬೀಗ ಇದೆ. ಆ ಮೂವರು ಯಾರು? ಇದು ನಮ್ಮ ಪ್ರಶ್ನೆ.

ಪೆಟ್ಟಿಗೆಯೊಳಗೆ ಏನಿದೆ?

ಮೊದಲು ಪೆಟ್ಟಿಗೆ ಬಿಚ್ಚಿ ನೋಡೋಣ. ಮಂತ್ರ ಅಂತ ತಿಳಿದು ದೂರ ನಿಂತರೆ ಅದೂ ಒಂದು ಗುಡಿಯಾಗಿಬಿಡುತ್ತೆ, ಅದಕ್ಕೂ ಒಬ್ಬ ಪೂಜಾರಿ ಹುಟ್ಟಿಕೊಳ್ತಾನೆ.

ನಾಣ್ಯದ ಘಟಕದೊಳಗೆ ಇರೋದು ಮೂರು ಸಾಮಾನು. ಕರೆಂಟಿನಿಂದ ತೆರೆದು ಮುಚ್ಚುವ ಒಂದು ವಾಲ್ವು. ನೀರು ಹರಿದಾಗ ತಿರುಗುವ ಒಂದು ಪುಟ್ಟ ಚಕ್ರ, ಅದು ತಿರುಗಿದಷ್ಟು ಸಲ ಒಂದೊಂದು ಮಿಡಿತ ಕಳಿಸುತ್ತೆ. ಆ ಮಿಡಿತಗಳನ್ನು ಎಣಿಸುವ ಒಂದು ಕಾರ್ಡು. 20 ಲೀಟರಿಗೆ ಇಷ್ಟು ಮಿಡಿತ ಅಂತ ಮೊದಲೇ ಬರೆದಿಟ್ಟಿರುತ್ತಾರೆ. ಎಣಿಕೆ ಮುಟ್ಟಿತೋ, ವಾಲ್ವು ಮುಚ್ಚಿತು. ಕಾರ್ಖಾನೆಯವರು ಇದಕ್ಕೆ ಬ್ಯಾಚ್ ಕಂಟ್ರೋಲರ್ ಅಂತಾರೆ. ಬಣ್ಣದ ಕಾರ್ಖಾನೆ, ಔಷಧಿ ಕಾರ್ಖಾನೆ, ಎಣ್ಣೆ ತುಂಬುವ ಜಾಗ, ಎಲ್ಲ ಕಡೆ ಇದರ ದೊಡ್ಡಣ್ಣ ಇದ್ದಾನೆ.

ಇನ್ನೊಂದು ಜಾತಿಯ ಯಂತ್ರ ಇದೆ. (ಯಂತ್ರಕ್ಕೆ ಜಾತಿ ಅಂದದ್ದಕ್ಕೆ ಕ್ಷಮೆ ಇರಲಿ, ನಮ್ಮ ನಾಲಿಗೆಗೂ ಈ ದೇಶದ ಅಭ್ಯಾಸ.) ಅದು ಡೋಸಿಂಗ್ ಕಂಟ್ರೋಲರ್. ಹರಿಯುತ್ತಿರುವ ನೀರಿಗೆ ಇನ್ನೊಂದು ದ್ರವವನ್ನು ತಕ್ಕ ಪ್ರಮಾಣದಲ್ಲಿ ಬೆರೆಸುವುದು ಅದರ ಕೆಲಸ. ಪೈಪಿನಲ್ಲಿ ಎಷ್ಟು ನೀರು ಹೋಗುತ್ತಿದೆ ಅಂತ ಒಂದು ಮೀಟರು ಹೇಳುತ್ತೆ. ಅದನ್ನು ನೋಡಿಕೊಂಡು ಕಂಟ್ರೋಲರು ಒಂದು ಸಣ್ಣ ಪಂಪಿಗೆ ಆಜ್ಞೆ ಕೊಡುತ್ತೆ: ನೀರು ಜಾಸ್ತಿಯಾಯಿತು, ಕ್ಲೋರಿನ್ ಜಾಸ್ತಿ ಬಿಡು, ನೀರು ನಿಂತಿತು, ನೀನೂ ನಿಲ್ಲು. ಒಳ್ಳೆಯ ಯಂತ್ರವಾದರೆ ಮುಂದೆ ಪೈಪಿನಲ್ಲಿ ಇನ್ನೊಂದು ಕಣ್ಣು ಇರುತ್ತೆ. ಬೆರೆಸಿದ ಮೇಲೆ ನೀರಲ್ಲಿ ಎಷ್ಟು ಉಳಿಯಿತು ಅಂತ ಅದು ನೋಡಿ ವಾಪಸು ಹೇಳುತ್ತೆ. ಇಟ್ಟ ಅಳತೆಗೂ ಕಂಡ ಅಳತೆಗೂ ವ್ಯತ್ಯಾಸ ಬಂದರೆ ಯಂತ್ರ ತನ್ನನ್ನು ತಾನೇ ತಿದ್ದಿಕೊಳ್ಳುತ್ತೆ. ಡಬ್ಬಿಯಲ್ಲಿ ಔಷಧಿ ಮುಗಿದರೆ ಕೂಗುತ್ತೆ. ಎಷ್ಟು ಗಂಟೆಗೆ ಎಷ್ಟು ಬೆರೆಸಿದೆ ಅಂತ ನೆನಪಿಟ್ಟುಕೊಳ್ಳುತ್ತೆ.

ತಪ್ಪನ್ನು ನೋಡುವುದು, ಒಪ್ಪುವುದು, ತಿದ್ದಿಕೊಳ್ಳುವುದು. ಎರಡು ಸಾವಿರ ವರ್ಷದಿಂದ ಈ ಸಮಾಜ ಮಾಡದೇ ಇದ್ದದ್ದನ್ನು ಅಂಗೈಯಗಲದ ಪೆಟ್ಟಿಗೆ ಕ್ಷಣಕ್ಷಣಕ್ಕೂ ಮಾಡುತ್ತೆ!

ಮಹಾಡಿನ ಡೋಸು

ನೀರಿಗೆ ಏನನ್ನು ಬೆರೆಸಬೇಕು, ಎಷ್ಟು ಬೆರೆಸಬೇಕು ಅನ್ನೋದನ್ನು ಯಂತ್ರಗಳು ಬರುವುದಕ್ಕೆ ಮುಂಚೆಯೇ ಈ ದೇಶದಲ್ಲಿ ಬರೆದಿಟ್ಟಿದ್ದರು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಮಹಾಡಿನ ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಕೆರೆ ಮೈಲಿಗೆಯಾಯಿತು ಅಂತ ಸವರ್ಣೀಯರು ಏನು ಮಾಡಿದರು ಗೊತ್ತೇ? ಸಗಣಿ, ಗಂಜಲ, ಹಾಲು, ಮೊಸರು ಕಲಸಿ, 108 ಗಡಿಗೆಗಳಲ್ಲಿ ತುಂಬಿ, ಮಂತ್ರ ಹೇಳಿ ಕೆರೆಗೆ ಸುರಿದರು. ಕೆರೆ ಶುದ್ಧವಾಯಿತು ಅಂತ ಸಾರಿದರು.

ಇದೂ ಒಂದು ಡೋಸಿಂಗ್ ಅಲ್ಲವೇ? ದ್ರವ ಯಾವುದು ಅಂತ ಬರೆದಿತ್ತು. ಅಳತೆ 108 ಅಂತ ಬರೆದಿತ್ತು. ಮನುಷ್ಯರು ಮುಟ್ಟಿದ ನೀರಿಗೆ ದನದ ಸಗಣಿ ಹಾಕಿದರೆ ಕುಡಿಯೋದಕ್ಕೆ ಯೋಗ್ಯ ಅಂತ ಹೇಳಿದ ಆ ಪುಸ್ತಕವೇ ಅವರ ಕಂಟ್ರೋಲರು. ಆ ಅಳತೆ ತಪ್ಪು ಅಂತ ಕೋರ್ಟಿನಲ್ಲಿ ಹೇಳಿಸೋದಕ್ಕೆ ಹತ್ತು ವರ್ಷ ಹಿಡಿಯಿತು. ಆ ಕೆರೆಯ ನೀರು ನಮ್ಮವರಿಗೂ ಸೇರಿದ್ದು ಅಂತ ಬಾಂಬೆ ಹೈಕೋರ್ಟಿನ ತೀರ್ಪು ಬಂದದ್ದು 1937ರ ಮಾರ್ಚಿನಲ್ಲಿ.

ಇದಕ್ಕೆ 19 ವರ್ಷ ಮುಂಚೆಯೇ, 1908ರಲ್ಲಿ, ಅಮೆರಿಕದ ಜರ್ಸಿ ಸಿಟಿಯಲ್ಲಿ ಊರಿಗೆಲ್ಲ ಹೋಗುವ ನೀರಿಗೆ ಸುಣ್ಣದ ಕ್ಲೋರೈಡನ್ನು ಅಳತೆಯಲ್ಲಿ, ಬಿಡದೆ ಬೆರೆಸುವುದನ್ನು ಶುರುಮಾಡಿದ್ದರು. ಅದೇ ಇವತ್ತಿನ ಬ್ಲೀಚಿಂಗ್ ಪೌಡರಿನ ಕಥೆ. ಅಲ್ಲಿ ರೋಗಾಣು ಸಾಯುವ ಅಳತೆ ಹುಡುಕುತ್ತಿದ್ದರು. ಇಲ್ಲಿ ಮನುಷ್ಯನನ್ನು ದೂರ ಇಡುವ ಅಳತೆ ಹುಡುಕುತ್ತಿದ್ದರು. ಎರಡಕ್ಕೂ ಶುದ್ಧಿ ಅಂತಲೇ ಹೆಸರು. ಶುದ್ಧಿ ಅನ್ನೋ ಶಬ್ದ ಕೇಳಿದಾಗ ನಾವು ಯಾವ ಶುದ್ಧಿ ಅಂತ ಕೇಳಬೇಕಾದ್ದು ಇದಕ್ಕೇ.

ಮುಷ್ಟಿ ಲೆಕ್ಕ

ಈಗ ನಮ್ಮ ಊರುಗಳಿಗೆ ಬರೋಣ. ನಾಣ್ಯದ ಘಟಕದ ನೀರು ಬರೀ ಕುಡಿಯೋದಕ್ಕೆ, ಅದೂ ಕಾಸಿದ್ದ ದಿನ. ಉಳಿದ ನೀರೆಲ್ಲ ಬರೋದು ಓವರ್‌ಹೆಡ್ ಟ್ಯಾಂಕಿನಿಂದ, ಮಿನಿ ಟ್ಯಾಂಕಿನಿಂದ. ಕಾಸಿಲ್ಲದ ದಿನ, ಘಟಕ ಕೆಟ್ಟ ದಿನ, ಕುಡಿಯೋದೂ ಅದನ್ನೇ. ಆ ಟ್ಯಾಂಕಿಗೆ ಕ್ಲೋರಿನ್ ಬೆರೆಸುವ ಯಂತ್ರ ಎಲ್ಲಿದೆ? ಬಹಳ ಊರುಗಳಲ್ಲಿ ಆ ಯಂತ್ರದ ಹೆಸರು ನೀರಗಂಟಿ. ಕಾಗದದಲ್ಲಿ ವಾಟರ್‌ಮನ್. ಅವನು ಏಣಿ ಹತ್ತಿ ಹೋಗಿ, ಮುಷ್ಟಿಯಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ, ಮೂಗಿಗೆ ಟವಲು ಸುತ್ತಿಕೊಂಡು ಇಳಿದು ಬರ್ತಾನೆ. ಎಷ್ಟು ಹಾಕಿದೆಯಪ್ಪಾ ಅಂದರೆ, ಎರಡು ಹಿಡಿ ಅಂತಾನೆ. ಅವನ ತಪ್ಪಲ್ಲ. ಅವನಿಗೆ ತಕ್ಕಡಿ ಕೊಟ್ಟವರಿಲ್ಲ, ಗ್ಲೌಸು ಕೊಟ್ಟವರಿಲ್ಲ, ಲೆಕ್ಕ ಹೇಳಿಕೊಟ್ಟವರಿಲ್ಲ.

ಲೆಕ್ಕ ಕಷ್ಟದ್ದಲ್ಲ, ಹಾಸ್ಟೆಲಿನ ಯಾವ ಹುಡುಗ ಹುಡುಗಿಯಾದರೂ ಮಾಡಬಹುದು. 50,000 ಲೀಟರ್ ಟ್ಯಾಂಕು. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕು ಅಂತ ಇಟ್ಟುಕೊಳ್ಳಿ. ಒಟ್ಟು 100 ಗ್ರಾಂ ಕ್ಲೋರಿನ್. ಆದರೆ ಪೌಡರಿನಲ್ಲಿ ಎಲ್ಲವೂ ಕ್ಲೋರಿನ್ ಅಲ್ಲ. ಹೊಸ ಒಳ್ಳೆ ಪೌಡರಿನಲ್ಲಿ ನೂರಕ್ಕೆ 30ರ ಮೇಲೆ ಇರುತ್ತೆ. ಚೀಲ ಬಿಚ್ಚಿ ಇಟ್ಟರೆ, ಬಿಸಿಲು, ತೇವ ತಗುಲಿದರೆ ದಿನದಿನಕ್ಕೂ ಇಳಿಯುತ್ತೆ. ನೂರಕ್ಕೆ 25 ಇದ್ದರೆ 400 ಗ್ರಾಂ ಹಾಕಬೇಕು. ಹಳತಾಗಿ 10ಕ್ಕೆ ಇಳಿದಿದ್ದರೆ ಒಂದು ಕಿಲೋ ಹಾಕಬೇಕು. ಹಿಡಿ ಅದೇ ಹಿಡಿ, ಆದರೆ ಔಷಧಿ ಅರ್ಧಕ್ಕಿಂತ ಕಡಿಮೆ. ಹಾಕಿದ ಮೇಲೆ ಅರ್ಧ ಗಂಟೆಯಾದರೂ ಬಿಡಬೇಕು. ಅಷ್ಟರಲ್ಲಿ ವಾಲ್ವು ಬಿಡು ಅಂತ ಊರಿನಿಂದ ಫೋನು ಬಂದಿರುತ್ತೆ.

ಈ ನೀರಗಂಟಿ ಯಾರು? ಬಹುಮಟ್ಟಿಗೆ ನಮ್ಮವನೇ. ಕೆರೆಯ ತೂಬು ಎತ್ತಿ ಊರಿನ ಗದ್ದೆಗೆಲ್ಲ ನೀರು ಹಂಚಿದವನು ಅವನ ಅಜ್ಜ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋ ಲೆಕ್ಕ ಅವನ ತಲೆಯಲ್ಲಿತ್ತು. ಊರಿನ ಮೊದಲ ಕಂಟ್ರೋಲರು ಅವನೇ ಅಂದರೆ ತಪ್ಪಾಗಲಾರದು. ತೂಬು ಅವನ ಕೈಲಿತ್ತು, ಆದರೆ ಊರ ಬಾವಿಯ ಹಗ್ಗ ಅವನ ಕೈಗೆ ಸಿಗಲಿಲ್ಲ. ಬೇರೆಯವರು ಬರೆದ ಅಳತೆಯನ್ನು ನಡೆಸುವ ಕೈ ಮಾತ್ರ ಅವನದು. ಇವತ್ತಿಗೂ ಅಷ್ಟೇ.

ಕೊನೆ ನಲ್ಲಿ

ಇನ್ನು ಕಣ್ಣು ಎಲ್ಲಿ ಕೂತಿದೆ ಅನ್ನೋ ಪ್ರಶ್ನೆ. ಇದು ಎಲ್ಲಕ್ಕಿಂತ ಮುಖ್ಯವಾದದ್ದು, ಸ್ವಲ್ಪ ನಿಧಾನವಾಗಿ ಕೇಳಿ.

ಕುಡಿಯುವ ನೀರಿಗೆ ಭಾರತದ ಮಾನಕ ಐಎಸ್ 10500. ನಲ್ಲಿಯಲ್ಲಿ ಬರುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುತ್ತೆ ಅದು. ಉಳಿದಿರಬೇಕು ಅನ್ನೋ ಮಾತನ್ನು ಗಮನಿಸಿ. ಟ್ಯಾಂಕಿಗೆ ಹಾಕಿದ ಕ್ಲೋರಿನ್ ಪೈಪಿನಲ್ಲಿ ಹೋಗ್ತಾ ಹೋಗ್ತಾ ಖರ್ಚಾಗುತ್ತೆ. ಪೈಪಿನ ಪಾಚಿ ತಿನ್ನುತ್ತೆ, ಒಳಗೆ ಸೇರಿದ ಕೊಳೆ ತಿನ್ನುತ್ತೆ. ದಿನಕ್ಕೆ ಎರಡು ಗಂಟೆ ನೀರು ಬಿಟ್ಟು ಉಳಿದ ಹೊತ್ತು ನಿಲ್ಲಿಸಿದರೆ ಪೈಪು ಖಾಲಿಯಾಗಿ ಗಾಳಿ ಎಳೆಯುತ್ತೆ. ಪೈಪು ಒಡೆದ ಜಾಗ ಚರಂಡಿಯಲ್ಲಿ ಮುಳುಗಿದ್ದರೆ ಗಾಳಿಯ ಬದಲು ಚರಂಡಿ ನೀರನ್ನೇ ಎಳೆದುಕೊಳ್ಳುತ್ತೆ. ಮಾರನೆ ದಿನ ನೀರು ಬಿಟ್ಟಾಗ ಅದೆಲ್ಲ ಮುಂದಕ್ಕೆ ಹೋಗುತ್ತೆ. ಮುಂದಕ್ಕೆ ಅಂದರೆ ಎಲ್ಲಿಗೆ?

ಪೈಪಿನ ಕೊನೆಗೆ. ಪೈಪಿನ ಕೊನೆಯಲ್ಲಿ ಯಾರಿದ್ದಾರೆ? ನಾವು ಹೇಳಬೇಕೇ?

ಟ್ಯಾಂಕು ಊರ ಒಳಗೆ, ಎತ್ತರದ ಜಾಗದಲ್ಲಿ. ಮೊದಲ ನಲ್ಲಿ ಊರ ಮುಂದೆ. ಕೇರಿ ಊರಾಚೆ, ತಗ್ಗಿನಲ್ಲಿ, ಚರಂಡಿ ಹೋಗಿ ಸೇರುವ ಕಡೆ. ಪೈಪನ್ನು ಕೇರಿಗೆ ಎಳೆದದ್ದು ಕೊನೆಗೆ, ಉಳಿದ ಕಾಸಿನಲ್ಲಿ. ಟ್ಯಾಂಕಿನ ಹತ್ತಿರ ಪರೀಕ್ಷೆ ಮಾಡಿದರೆ ಕ್ಲೋರಿನ್ ಚೆನ್ನಾಗಿದೆ ಅಂತಲೇ ಬರುತ್ತೆ. ಪುಸ್ತಕದಲ್ಲಿ ಬರೆದದ್ದು ಸುಳ್ಳೂ ಅಲ್ಲ. ಕೊನೆ ನಲ್ಲಿಗೆ ಬಂದು ನೋಡಿದರೆ ಸೊನ್ನೆ. ಯಂತ್ರ ಸರಿಯಾಗಿದೆ, ಅಳತೆ ಸರಿಯಾಗಿದೆ, ಆದರೆ ನೋಡುವ ಕಣ್ಣನ್ನು ಊರ ಮುಂದೆ ಕೂರಿಸಿದ್ದಾರೆ! ಜಾತಿ ಇಲ್ಲದ ಯಂತ್ರಕ್ಕೆ ಜಾತಿ ಬರೋದು ಹೀಗೆ. ಯಾರೂ ಬೈಯೋದಿಲ್ಲ, ಯಾರೂ ಹೊಡೆಯೋದಿಲ್ಲ. ಕಣ್ಣು ಇಡುವ ಜಾಗ ಒಂದೇ ಸಾಕು.

ಇದು ಬರೀ ತರ್ಕ ಅಂತ ತಿಳೀಬೇಡಿ. 2022ರ ಮೇ-ಜೂನಿನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. 2024ರ ಜೂನಿನಲ್ಲಿ ನಮ್ಮದೇ ಜಿಲ್ಲೆಯ ಮಧುಗಿರಿ ತಾಲೂಕಿನ ಚಿನ್ನೇನಹಳ್ಳಿಯಲ್ಲಿ ವಾಂತಿಭೇದಿಯಾಗಿ ಜನ ಸತ್ತರು, ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ಇವೆರಡರ ನಡುವೆ, 2023ರ ಆಗಸ್ಟ್ ಮೊದಲ ವಾರ, ಹುಳಿಯಾರು, ಹಿರಿಯೂರು ದಾಟಿದರೆ ಸಿಗುವ ಚಿತ್ರದುರ್ಗದ ಕವಾಡಿಗರಹಟ್ಟಿ. ದಲಿತರ ಕೇರಿ. ನಲ್ಲಿ ನೀರು ಕುಡಿದವರಲ್ಲಿ ಐದಕ್ಕೆ ಕಡಿಮೆಯಿಲ್ಲದಷ್ಟು ಜನ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಪಾಲಾದರು. ಮೊದಲ ದಿನಗಳಲ್ಲಿ ಯಾರೋ ವಿಷ ಬೆರೆಸಿದ್ದಾರೆ ಅನ್ನೋ ಅನುಮಾನ ಕೇರಿಯಲ್ಲಿ ಎದ್ದಿತು. ಆಮೇಲೆ ಪ್ರಯೋಗಾಲಯದ ವರದಿಗಳಲ್ಲಿ ಕಾಲರಾ ರೋಗಾಣುವಿನ ಮಾತು ಬಂತು.

ನಮ್ಮ ಜನಕ್ಕೆ ವಿಷದ ಅನುಮಾನ ಯಾಕೆ ಬರುತ್ತೆ ಅಂತ ಕೇಳುವವರು ನಮ್ಮ ಚರಿತ್ರೆ ಓದಲಿ. ನಾವು ಇನ್ನೊಂದು ಮಾತು ಹೇಳ್ತೇವೆ. ಕೊಲ್ಲೋದಕ್ಕೆ ವಿಷ ಬೆರೆಸಲೇಬೇಕು ಅಂತಿಲ್ಲ. ಬೆರೆಸಬೇಕಾದ್ದನ್ನು ಬೆರೆಸದೆ ಬಿಟ್ಟರೂ ಸಾಕು. ವಿಷ ಹಾಕಿದವನನ್ನು ಹಿಡಿಯೋದಕ್ಕೆ ಪೊಲೀಸರಿದ್ದಾರೆ. ಬೆರೆಸದೆ ಬಿಟ್ಟವನನ್ನು ಹಿಡಿಯೋರು ಯಾರು? ಅವನು ಸಿಗೋದೂ ಇಲ್ಲ. ಅವನು ಒಬ್ಬನಲ್ಲ. ಅವನು ಒಂದು ಅಭ್ಯಾಸ.

ತೆಂಗಿಗೆ ಅಳತೆ, ಕೂಲಿಗೆ ಅಂದಾಜು

ಅಷ್ಟೊಂದು ಯಂತ್ರ ತರೋದಕ್ಕೆ ದುಡ್ಡೆಲ್ಲಿದೆ ಅಂತಾರೆ. ಸುಳ್ಳು! ಯಂತ್ರ ಬಂದಾಗಿದೆ. ಎಲ್ಲಿಗೆ ಬಂದಿದೆ ಅಂತ ನೋಡಿ.

ಕಾಸಿರುವವರ ತೆಂಗು ಅಡಿಕೆ ತೋಟಕ್ಕೆ ಬಂದಿದೆ. ಡ್ರಿಪ್ ಪೈಪಿನಲ್ಲಿ ನೀರಿನ ಜೊತೆ ಗೊಬ್ಬರವನ್ನು ಅಳತೆಯಲ್ಲಿ ಬೆರೆಸಿ, ಒಂದೊಂದು ಮರದ ಬುಡಕ್ಕೂ ಇಷ್ಟೇ ಲೀಟರ್ ಅಂತ ಬಿಡುವ ವ್ಯವಸ್ಥೆ ಬಂದಿದೆ. ಕೊನೆಯ ಸಾಲಿನ ಕೊನೆಯ ಮರಕ್ಕೂ ಮೊದಲ ಮರದಷ್ಟೇ ಬೀಳುವಂತೆ ಡ್ರಿಪ್ಪರು ಹಾಕ್ತಾರೆ. ಕೊನೆಯ ಮರದ ಬಗ್ಗೆ ಇಷ್ಟು ಕಾಳಜಿ! ಕೊನೆಯ ಮನೆಯ ಮಗುವಿನ ಬಗ್ಗೆ? ನಾವು ತೆಂಗಿನ ಮರದ ವೈರಿಗಳಲ್ಲ. ಆ ಮರ ಹತ್ತುವವರು, ಕಾಯಿ ಸುಲಿಯುವವರು, ಅಟ್ಟಕ್ಕೆ ಕಾಯಿ ಹೊರುವವರು ನಾವೇ. ತಿಪಟೂರು ಮಾರ್ಕೆಟ್ಟಿಗೆ ಹೋಗುವ ಕೊಬ್ಬರಿಯ ಒಂದೊಂದು ಗಿಟುಕಿನಲ್ಲೂ ನಮ್ಮ ಬೆವರಿದೆ. ಮರಕ್ಕೆ ಅಳತೆ ಇರುವ ಕಡೆ ಮನುಷ್ಯನಿಗೂ ಅಳತೆ ಇರಲಿ ಅಂತ ಅಷ್ಟೇ ಕೇಳುತ್ತಿರೋದು.

ಅದೇ ತೋಟದಲ್ಲಿ ಔಷಧಿ ಹೊಡೆಯುವ ದಿನ ಬಂದು ನೋಡಿ. ಕೀಟನಾಶಕದ ಬಾಟಲಿ ಬಿಚ್ಚಿ, ಮುಚ್ಚಳದ ಲೆಕ್ಕದಲ್ಲಿ ಡ್ರಮ್ಮಿಗೆ ಸುರಿದು, ಕೋಲು ಸಿಗದಿದ್ದರೆ ಮೊಳಕೈ ತನಕ ಕೈ ಇಳಿಸಿ ಕಲಸುವವನು ಯಾರು? ಗೊಬ್ಬರ ಬೆರೆಸೋದಕ್ಕೆ ಯಂತ್ರ, ವಿಷ ಬೆರೆಸೋದಕ್ಕೆ ಕೂಲಿಯವನ ಕೈ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿ ಹೊಲಕ್ಕೆ ಔಷಧಿ ಹೊಡೆದು 20ರ ಸುಮಾರು ರೈತರು, ಕೂಲಿಗಳು ಸತ್ತರು. ಯಾರ ಮೈಗೆ ಎಷ್ಟು ವಿಷ ಹೋಯಿತು ಅಂತ ಅಳೆಯೋದಕ್ಕೆ ಯಾವ ಮೀಟರೂ ಇರಲಿಲ್ಲ.

ಇನ್ನೊಂದು ಉದಾಹರಣೆ. ನಮ್ಮ ಹಳ್ಳಿಗಳ ಹಾಲು ತುಮಕೂರಿನ ಮಲ್ಲಸಂದ್ರದ ಡೇರಿಗೆ ಹೋಗುತ್ತೆ. ಬೇರೆ ಬೇರೆ ಹಸುವಿನ, ಎಮ್ಮೆಯ ಹಾಲು ಸೇರಿದ್ದನ್ನು ಒಂದೇ ಅಳತೆಗೆ ತರೋದು ಡೇರಿಗಳ ಕೆಲಸ. ಟೋನ್ಡ್ ಹಾಲು ಅಂದರೆ ನೂರಕ್ಕೆ 3 ಕೊಬ್ಬು, 8.5 ಇತರ ಘನಾಂಶ. ಅದು ಕಾನೂನು. ಕೆನೆ ಎಷ್ಟು ಬೆರೆಸಬೇಕು, ಎಷ್ಟು ತೆಗೆಯಬೇಕು ಅಂತ ನೋಡಿಕೊಳ್ಳೋದಕ್ಕೆ ದೊಡ್ಡ ಡೇರಿಗಳಲ್ಲಿ ಕಂಟ್ರೋಲರುಗಳಿವೆ. ಕೆಲಸ ಮುಗಿದ ಮೇಲೆ ಪೈಪು, ಟ್ಯಾಂಕು ತೊಳೆಯಬೇಕಲ್ಲ? ಅದಕ್ಕೂ ಯಂತ್ರವೇ. ಕಾಸ್ಟಿಕ್ ಸೋಡಾ ಇಷ್ಟು, ನೈಟ್ರಿಕ್ ಆಸಿಡ್ ಇಷ್ಟು, ಬಿಸಿನೀರು ಇಷ್ಟು ನಿಮಿಷ ಅಂತ ತಾನೇ ಬೆರೆಸಿ, ತಾನೇ ಹರಿಸಿ, ತಾನೇ ತೊಳೆಯುತ್ತೆ. ಪೈಪು ಬಿಚ್ಚುವ ಹಾಗಿಲ್ಲ, ಮನುಷ್ಯ ಒಳಗೆ ಇಳಿಯುವ ಹಾಗಿಲ್ಲ. ಬಹಳ ಒಳ್ಳೆಯದು.

ಈಗ ಅದೇ ಪಟ್ಟಣದ ಬೀದಿಗೆ ಬನ್ನಿ. ಮ್ಯಾನ್‌ಹೋಲ್ ಕಟ್ಟಿಕೊಂಡಿದೆ. ಹಾಲಿನ ಪೈಪಿನ ಒಳಗೆ ಮನುಷ್ಯ ಹೋಗಬಾರದು ಅಂತ ಯಂತ್ರ ಮಾಡಿದ ದೇಶ ಮಲದ ಗುಂಡಿಯೊಳಗೆ ಮನುಷ್ಯನನ್ನು ಇಳಿಸುತ್ತೆ. 2013ರಲ್ಲಿ ಕಾನೂನು ಬಂತು. 2014ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂದಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷ ಮಾಡಿತು. ಹೆಣದ ಬೆಲೆ ಏರಿತು. ಗುಂಡಿಗೆ ಇಳಿಸೋದು ನಿಂತಿತೇ? ತಂತ್ರಜ್ಞಾನ ಇಲ್ಲ ಅಂತ ನಮ್ಮ ಮುಂದೆ ಹೇಳಬೇಡಿ. ತಂತ್ರಜ್ಞಾನ ಇದೆ. ಅದಕ್ಕೆ ಯಾವ ಬೀದಿಗೆ ಹೋಗಬೇಕು ಅಂತ ಹೇಳುವ ಬಾಯಿ ನಮ್ಮದಲ್ಲ, ಅಷ್ಟೇ.

ನಮ್ಮವರೇ ಕೇಳುವ ಪ್ರಶ್ನೆಗಳು

ಸಭೆಗಳಲ್ಲಿ ನಮ್ಮ ಗೆಳೆಯರು ಮೂರು ಆಕ್ಷೇಪ ಎತ್ತುತ್ತಾರೆ. ಅವಕ್ಕೆ ಉತ್ತರ ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಒಂದು: ಭೂಮಿ ಇಲ್ಲದ ಜನಕ್ಕೆ ಕ್ಲೋರಿನ್ ಮಾತು ಯಾಕೆ? ಮೊದಲು ಭೂಮಿ ಕೇಳಿ ಅಂತಾರೆ. ಭೂಮಿ ಕೇಳೋಣ, ಕೇಳುತ್ತಲೇ ಇದ್ದೇವೆ. ಆದರೆ ಭೂಮಿಯ ಹೋರಾಟಕ್ಕೆ ಹೋಗುವ ಕಾಲುಗಳಿಗೆ ಬಲ ಬೇಕು. ನೀರಿನ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಅನ್ನುತ್ತೆ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತೆ, ಮೂಳೆ ಬಾಗುತ್ತೆ. ಬಾಗಿದ ಬೆನ್ನಿನಿಂದ ಎದ್ದು ನಿಲ್ಲೋದು ಹೇಗೆ? ನೀರು ಭೂಮಿಗಿಂತ ಸಣ್ಣ ಪ್ರಶ್ನೆ ಅಲ್ಲ ಅಂತ ಮಹಾಡಿನಲ್ಲೇ ತೀರ್ಮಾನವಾಗಿದೆ.

ಎರಡು: ಯಂತ್ರ ಬಂದರೆ ನೀರಗಂಟಿಯ ಕೆಲಸ ಹೋಗುತ್ತೆ. ಇದು ನಿಜವಾದ ಭಯ. ಆದರೆ ಯೋಚನೆ ಮಾಡಿ. ಡೋಸಿಂಗ್ ಯಂತ್ರಕ್ಕೆ ದಿನಾ ಔಷಧಿ ತುಂಬಬೇಕು, ಪಂಪಿನ ವಾಲ್ವಿನಲ್ಲಿ ಗಸಿ ಕಟ್ಟಿದರೆ ತೊಳೆಯಬೇಕು, ಕಣ್ಣು ಸರಿಯಾಗಿ ನೋಡುತ್ತಿದೆಯೇ ಅಂತ ಪರೀಕ್ಷೆ ಮಾಡಬೇಕು, ಕೊನೆ ನಲ್ಲಿಗೆ ನಡೆದುಹೋಗಿ ನೀರು ಹಿಡಿಯಬೇಕು. ಆ ಕೆಲಸ ಯಾರಾದರೂ ಮಾಡಲೇಬೇಕು. ಯಂತ್ರ ಬಂದ ದಿನ ನೀರಗಂಟಿಯನ್ನು ಕಳಿಸಿ, ಪಟ್ಟಣದ ಕಂಟ್ರಾಕ್ಟರನ ಹುಡುಗನನ್ನು ತಿಂಗಳಿಗೊಮ್ಮೆ ಕರೆಸಿದರೆ ಅದು ಹುನ್ನಾರ. ನೀರಗಂಟಿಗೇ ತರಬೇತಿ ಕೊಟ್ಟು, ಆಪರೇಟರು ಅಂತ ಕರೆದು, ಆಪರೇಟರಿನ ಸಂಬಳ ಕೊಟ್ಟರೆ ಅದು ನ್ಯಾಯ. ಮುಷ್ಟಿಯ ಕೆಲಸ ಹೋಗಲಿ, ಮುಷ್ಟಿಯವನು ಉಳಿಯಲಿ.

ಮೂರು: ಯಂತ್ರಗಳೆಲ್ಲ ಬಂಡವಾಳಶಾಹಿಗಳವು, ಅವು ನಮ್ಮನ್ನು ಕೊಲ್ಲುತ್ತವೆ, ಭೋಪಾಲ್ ಮರೆತಿರಾ ಅಂತಾರೆ. ಮರೆತಿಲ್ಲ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ಟ್ಯಾಂಕಿಗೆ ನೀರು ಸೇರಿ ವಿಷಾನಿಲ ಹೊರಬಂತು, ಕಾಂಪೌಂಡಿನ ಆಚೆ ಜೋಪಡಿಗಳಲ್ಲಿ ಮಲಗಿದ್ದ ಬಡವರು ಸಾವಿರಗಟ್ಟಲೆ ಸತ್ತರು. ಆದರೆ ಅಲ್ಲಿ ಏನಾಗಿತ್ತು ನೋಡಿ. ಟ್ಯಾಂಕನ್ನು ತಣ್ಣಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಅನಿಲ ತೊಳೆಯುವ ಗೋಪುರ ದುಡಿಯುವ ಸ್ಥಿತಿಯಲ್ಲಿರಲಿಲ್ಲ. ಸುಟ್ಟುಹಾಕುವ ಗೋಪುರದ ಪೈಪು ಬಿಚ್ಚಿಟ್ಟಿದ್ದರು. ಟ್ಯಾಂಕಿನ ಮೀಟರುಗಳನ್ನು ಕೆಲಸಗಾರರು ನಂಬುವಂತಿರಲಿಲ್ಲ. ಯಂತ್ರ ಇದ್ದದ್ದರಿಂದ ಸತ್ತರು ಅನ್ನೋದಕ್ಕಿಂತ, ಕಾವಲಿನ ಯಂತ್ರವನ್ನು ಖರ್ಚು ಉಳಿಸಲು ಮಲಗಿಸಿದ್ದರಿಂದ ಸತ್ತರು ಅನ್ನೋದು ಸತ್ಯ. ಗೋಡೆಯಾಚೆಯವರ ಜೀವಕ್ಕೆ ಬೆಲೆ ಇದ್ದಿದ್ದರೆ ಮಲಗಿಸುತ್ತಿದ್ದರೇ? ಭೋಪಾಲ್ ನಮಗೆ ಕಲಿಸೋದು ಯಂತ್ರ ಬಿಡಿ ಅಂತಲ್ಲ. ಯಂತ್ರದ ಮೇಲೆ ಗೋಡೆಯಾಚೆಯವರ ಕಣ್ಣು ಇರಬೇಕು ಅಂತ.

ಬೀಗದ ಕೈ

ಇನ್ನು ಮೂರನೆಯದು, ಬೀಗ. ಹಾಸ್ಟೆಲಿನ ಗೆಳೆಯರೇ, ಈ ಮಾತು ನಿಮಗೇ.

1968-69ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಾರು ಕಾರ್ಖಾನೆಗಾಗಿ ಪಿಎಲ್‌ಸಿ ಅನ್ನೋ ಪೆಟ್ಟಿಗೆ ಮಾಡಿದರು. ಅದಕ್ಕೆ ಮುಂಚೆ ಯಂತ್ರದ ನಡೆ ಬದಲಿಸಬೇಕಾದರೆ ತಂತಿ ಎಲ್ಲ ಕಿತ್ತು ಹೊಸದಾಗಿ ಕಟ್ಟಬೇಕಿತ್ತು. ಈ ಪೆಟ್ಟಿಗೆ ಬಂದ ಮೇಲೆ ಒಳಗಿನ ಬರಹ ಬದಲಿಸಿದರೆ ಸಾಕು, ಯಂತ್ರ ಬೇರೆ ಥರ ನಡೆಯುತ್ತೆ. ಆ ಬರಹದ ರೀತಿಗೆ ಲ್ಯಾಡರ್ ಅಂತ ಹೆಸರು, ಏಣಿ. ಏಣಿಯ ಮೆಟ್ಟಿಲಿನಂತೆ ಒಂದರ ಕೆಳಗೊಂದು ಆಜ್ಞೆ ಬರೀತಾರೆ. ಇದರ ಅರ್ಥ ತಿಳೀತೇ? ಬರೆಯುವವನೇ ನಡೆಸುವವನು. ಇನ್ನೊಂದು ಏಣಿಯನ್ನು ಬಹಳ ಹಿಂದೆ ಬರೆದವರು ನಮ್ಮನ್ನು ಅದರ ಕೆಳಗಿನ ಮೆಟ್ಟಿಲಿಗೂ ಸೇರಿಸದೆ ಹೊರಗಿಟ್ಟರು. ಈ ಹೊಸ ಏಣಿಯನ್ನಾದರೂ ನಾವು ಬರೆಯೋದು ಕಲಿಯಬಾರದೇ?

ಕಾರ್ಖಾನೆಗಳಲ್ಲಿ ನಮ್ಮ ಹುಡುಗರು ಇಲ್ಲ ಅಂತಲ್ಲ, ಇದ್ದಾರೆ. ಎಲ್ಲಿದ್ದಾರೆ? ಆಸಿಡ್ ಕ್ಯಾನು ಹೊರುವ ಕಡೆ, ಟ್ಯಾಂಕು ಉಜ್ಜುವ ಕಡೆ, ಕಂಟ್ರಾಕ್ಟ್ ಲೇಬರು ಅಂತ. ಏರ್ ಕಂಡಿಷನ್ ರೂಮಿನ ಪ್ಯಾನಲ್ ಮುಂದೆ ಎಷ್ಟು ಜನ? ಪ್ಯಾನಲ್ಲಿಗೆ ಪಾಸ್‌ವರ್ಡ್ ಇರುತ್ತೆ. ಆಪರೇಟರಿಗೆ ಒಂದು, ಅಳತೆ ಬದಲಿಸುವವನಿಗೆ ಇನ್ನೊಂದು. ಆ ಎರಡನೇ ಪಾಸ್‌ವರ್ಡೇ ಈ ಕಾಲದ ಊರ ಬಾವಿಯ ಹಗ್ಗ.

ಐಟಿಐಗಳಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಅನ್ನೋ ಟ್ರೇಡು ಇದೆ. ಕೆಮಿಕಲ್ ಪ್ಲಾಂಟಿನ ಅಟೆಂಡೆಂಟ್ ಆಪರೇಟರ್ ಅನ್ನೋ ಟ್ರೇಡು ಇದೆ. ಪಾಲಿಟೆಕ್ನಿಕ್ಕುಗಳಲ್ಲಿ ಇನ್‌ಸ್ಟ್ರುಮೆಂಟೇಷನ್ ಇದೆ. ಯಾವುದಾದರೂ ಸೀಟು ಸಿಕ್ಕರೆ ಸಾಕು ಅಂತ ಸೇರಬೇಡಿ. ಇದು ಅಳತೆ ಬರೆಯುವ ವಿದ್ಯೆ ಅಂತ ತಿಳಿದು ಸೇರಿ. ಬಾಬಾಸಾಹೇಬರು ಬರೀ ಕೆರೆಯ ನೀರು ಮುಟ್ಟಿ ಸುಮ್ಮನಾಗಲಿಲ್ಲ. 1942ರಿಂದ 1946ರ ತನಕ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ದಾಮೋದರ ಕಣಿವೆಯ ಯೋಜನೆ, ಕೇಂದ್ರದ ಜಲಮಾರ್ಗ-ನೀರಾವರಿ ಆಯೋಗದ ಕೆಲಸಕ್ಕೆ ಕೈ ಹಾಕಿದರು. ಮುಟ್ಟುವ ಹಕ್ಕು ಗೆದ್ದವರು ನಡೆಸುವ ಹಕ್ಕಿಗೂ ಹೋದರು. ನಾವು ಇನ್ನೂ ಮೊದಲ ಮೆಟ್ಟಿಲಲ್ಲೇ ನಿಂತರೆ ಹೇಗೆ?

ಏನು ಮಾಡಬೇಕು?

ಒಂದು: ನಿಮ್ಮ ಹಾಸ್ಟೆಲಿನ ಸಂಪಿನಿಂದಲೇ ಶುರು ಮಾಡಿ. ಕ್ಲೋರೋಸ್ಕೋಪ್ ಅಂತ ಒಂದು ಸಣ್ಣ ಡಬ್ಬಿ ಇದೆ. ಕೊಳವೆಯಲ್ಲಿ ನಲ್ಲಿ ನೀರು ಹಿಡಿದು, ಔಷಧಿಯ ಕೆಲವು ಹನಿ ಹಾಕಿದರೆ ಹಳದಿ ಬಣ್ಣ ಬರುತ್ತೆ. ಬಣ್ಣದ ಪಟ್ಟಿಗೆ ಹೋಲಿಸಿ ನೋಡಿ. ಬಣ್ಣವೇ ಬರದಿದ್ದರೆ ಕ್ಲೋರಿನ್ ಇಲ್ಲ. ಎರಡು ನಿಮಿಷದ ಕೆಲಸ. ದಿನಾಂಕ ಹಾಕಿ, ಬಂದ ಅಂಕಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ.

ಎರಡು: ರಜೆಗೆ ಊರಿಗೆ ಹೋದಾಗ ಟ್ಯಾಂಕಿನ ಹತ್ತಿರ ಒಂದು, ಕೇರಿಯ ಕೊನೆ ನಲ್ಲಿಯಲ್ಲಿ ಒಂದು ಪರೀಕ್ಷೆ ಮಾಡಿ. ಎರಡು ಅಂಕಿಯನ್ನೂ ಪಕ್ಕಪಕ್ಕ ಬರೆಯಿರಿ. ಆ ಎರಡು ಅಂಕಿಯ ನಡುವಿನ ಅಂತರವೇ ನಿಮ್ಮ ಊರಿನ ಅಸ್ಪೃಶ್ಯತೆಯ ಅಳತೆ. ಪರೀಕ್ಷೆ ಎಲ್ಲಿ ಮಾಡುತ್ತೀರಿ ಅಂತ ಪಂಚಾಯ್ತಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ, ಕ್ಲೋರಿನೇಷನ್ ರಿಜಿಸ್ಟರಿನ ನಕಲು ಕೇಳಿ. ಒಂದೇ ಪೆನ್ನು, ಒಂದೇ ಕೈಬರಹ, ಒಂದೇ ಕೂರಿಗೆಯಲ್ಲಿ ತಿಂಗಳ ಸಹಿ ಎಲ್ಲ ಬಿದ್ದಿದೆಯೇ ಅಂತ ನೋಡಿ.

ಮೂರು: 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಅಂತ ಅಳತೆ ಬರೆದಿದೆ. ಹಳ್ಳಿಗೆ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು ಅಂತಲೂ ಹೇಳಿದೆ. ನಿಮ್ಮ ಊರಿನ ಆ ಐವರಲ್ಲಿ ಕೇರಿಯವರು ಎಷ್ಟು ಮಂದಿ? ಒಬ್ಬರೂ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ನಾಲ್ಕು: ದುಡ್ಡಿಲ್ಲ ಅನ್ನೋ ಮಾತು ಒಪ್ಪಬೇಡಿ. 2013ರಲ್ಲಿ ಕರ್ನಾಟಕದಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂತು. ನಮ್ಮ ಜನಸಂಖ್ಯೆಯ ಪಾಲಿನಷ್ಟು, ಅಂದರೆ ಎರಡೂ ಸೇರಿ ನೂರಕ್ಕೆ 24.1ರಷ್ಟು ದುಡ್ಡನ್ನು ನಮ್ಮ ಜನಕ್ಕೆ ಖರ್ಚು ಮಾಡಬೇಕು. ಊರಿಗೆಲ್ಲ ಮಾಡಿದ ರಸ್ತೆಯ ಲೆಕ್ಕವನ್ನೂ ಇದರಲ್ಲಿ ತೋರಿಸೋದಕ್ಕೆ ದಾರಿ ಮಾಡಿಕೊಟ್ಟಿದ್ದ 7(ಡಿ) ಕಲಮನ್ನು 2023ರಲ್ಲಿ ತೆಗೆದುಹಾಕಿದ್ದಾರೆ. ಹಾಗಾದರೆ ಕೇರಿಯ ಟ್ಯಾಂಕಿಗೆ ಒಂದು ಡೋಸಿಂಗ್ ಪಂಪು, ಒಂದು ಮೀಟರು, ಚರಂಡಿಯಿಂದ ಮೇಲೆತ್ತಿದ ಹೊಸ ಪೈಪು, ಇಷ್ಟಕ್ಕೆ ಯಾಕೆ ಆಗೋದಿಲ್ಲ?

ಐದು: ಯಂತ್ರ ಕೂರಿಸುವ ದಿನ ಹಾರ ತುರಾಯಿಗೆ ಮರುಳಾಗಬೇಡಿ. ಮೂರು ಪ್ರಶ್ನೆ ಕೇಳಿ. ಅಳತೆ ಬರೆದವರು ಯಾರು? ಕಣ್ಣು ಯಾವ ನಲ್ಲಿಯಲ್ಲಿದೆ? ಬೀಗದ ಕೈ ಯಾರ ಹತ್ತಿರ? ಕಣ್ಣು ಕೊನೆ ನಲ್ಲಿಯಲ್ಲಿ ಇರಲಿ. ಕೈ ಕೊನೆ ನಲ್ಲಿಯವರ ಹತ್ತಿರ ಇರಲಿ. ಕೊನೆ ನಲ್ಲಿಯ ನೀರು ಸರಿಯಿದ್ದರೆ ಮೊದಲ ನಲ್ಲಿಯದೂ ಸರಿಯಿರುತ್ತೆ. ಊರಿಗೂ ಇದರಿಂದ ನಷ್ಟವಿಲ್ಲ. ಕಾಲರಾ ಬಂದರೆ ಅದು ಕೇರಿಯಲ್ಲೇ ನಿಲ್ಲೋದಿಲ್ಲ ಅನ್ನೋದು ಊರಿಗೂ ಗೊತ್ತಿರಲಿ.

ಎರೆಯುವವರ ಮುಂದೆ ಬೊಗಸೆ ಒಡ್ಡಿದ ಕಾಲ ಮುಗಿಯಿತು. ಈಗ ಅಳತೆಯನ್ನು ನಾವೂ ಕೂತು ಬರೆಯಬೇಕು. ಹಾಸ್ಟೆಲಿನಿಂದ ಹಾಸ್ಟೆಲಿಗೆ, ಕೇರಿಯಿಂದ ಕೇರಿಗೆ ಈ ಮಾತು ಮುಟ್ಟಿಸಿ. ಮುಂದಿನ ಸಭೆಗೆ ಬರುವಾಗ ಭಾಷಣ ತರಬೇಡಿ. ನಿಮ್ಮ ಊರಿನ ಕೊನೆ ನಲ್ಲಿಯ ಅಂಕಿ ತನ್ನಿ.